ಹಗ್ಗ ಹಿಡಿಯುವವನು

ಮೇ 19, ಭಾನುವಾರ

ಗಂಟಲು ಕಟ್ಟಿದೆ. ಬೆಳಗ್ಗೆ ಎದ್ದು ಟೀ ಕೇಳಿದರೆ ಕಪ್ಪೆ ಕೂಗಿದಂತಾಯಿತು. ಇವಳು ಸೆರಗು ಬಾಯಿಗಿಟ್ಟು ನಕ್ಕಳು. ಮದುವೆಯಾದಂದಿನಿಂದ ಮನೆಯಲ್ಲಿ ಇಷ್ಟು ಶಾಂತಿ ಇದೇ ಮೊದಲಂತೆ.

ಅಂಗಡಿಗೇನೂ ನಷ್ಟವಿಲ್ಲ. ಕೊಡೆ ಕಡ್ಡಿ, ಬ್ಯಾಗಿನ ಜಿಪ್ಪು ರಿಪೇರಿಗೆ ಕೈ ಸಾಕು. ಆದರೆ ಇವತ್ತು ಭಾನುವಾರ. ನಾಲ್ಕಕ್ಕೆ ಮನೆಯಲ್ಲಿ ಕಥೆಯಾಟ. ನಡೆಸುವವನು ನಾನು. ಗಂಟಲಿಲ್ಲದೆ ಹೇಗೆ?

ನಡೆಸಿದೆ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಬರದ ದಿನ ಏಳನೇ ಕ್ಲಾಸಿನ ಹುಡುಗನಾಗಿ ಇಡೀ ಶಾಲೆ ನಡೆಸಿದವನು ನಾನು. ಎಂಟಕ್ಕೆ ಹೋಗಿದ್ದರೆ ಮೇಷ್ಟ್ರ ಕೆಲಸಕ್ಕೇ ಕುತ್ತು ಬರುತ್ತಿತ್ತು. ಪಾಪ ಎಂದು ಬಿಟ್ಟುಬಿಟ್ಟೆ.

ಇವಳ ಪಾತ್ರ ದೋಣಿ ನಡೆಸುವವಳು. ಇವತ್ತು ಎಲ್ಲರನ್ನೂ ನದಿ ದಾಟಿಸಿದಳು. ದೋಣಿ ದಡಕ್ಕೆ ತಾಗಿತು ಎಂದೆ. "ಹಗ್ಗ ಎಸೀತೀನಿ. ಹಿಡಿಯೋರು ಯಾರು?" ಎಂದಳು. ಅದನ್ನು ನಾನು ಯೋಚಿಸಿರಲಿಲ್ಲ. ಒಬ್ಬನಿದ್ದಾನೆ, ಹಗ್ಗ ಹಿಡಿಯುವವನು, ಎಂದುಬಿಟ್ಟೆ. ಬೇರೆ ದಿನವಾಗಿದ್ದರೆ ಅವನ ತಾತನ ಚರಿತ್ರೆಯಿಂದ ಶುರುಮಾಡುತ್ತಿದ್ದೆ. ಗಂಟಲು ಕೈಕೊಟ್ಟಿತು. ಹೊರಟದ್ದು ಇಷ್ಟೇ — "ಕಟ್ಟಿದೀನಿ. ನಿಧಾನ ಇಳೀರಿ."

ಇವಳು ತಲೆಯೆತ್ತಿ ನೋಡಿದಳು. ನನ್ನನ್ನಲ್ಲ. ನಾನು ಕೂತಿದ್ದ ಕಡೆ ಬೇರೆ ಯಾರೋ ಕೂತಿದ್ದಂತೆ.

"ಒಳ್ಳೆಯವರು," ಎಂದಳು.

ಮೇ 20, ಸೋಮವಾರ. ಅಂಗಡಿ

ಪಕ್ಕದ ಕೀ ಮಾಡುವವನಿಗೆ ಕುತೂಹಲ. ಭಾನುವಾರ ಬೇಗ ಬಾಗಿಲು ಹಾಕಿ ಅದೇನು ಮಾಡುತ್ತೀರಿ ಎಂದ. ಕಪ್ಪೆ ದನಿಯಲ್ಲೇ ವಿವರಿಸಿದೆ. ನಾಟಕವಲ್ಲ, ಬರೆದಿಟ್ಟ ಮಾತಿಲ್ಲ, ನೋಡುವವರಿಲ್ಲ. ಇಸ್ಪೀಟಲ್ಲ, ಗೆಲ್ಲುವವರಿಲ್ಲ. ಊಟದ ಟೇಬಲ್ ಸುತ್ತ ಕೂರುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ — ಅದನ್ನು ಅವರವರೇ ಹೇಳಬೇಕು. ಉಳಿದದ್ದೆಲ್ಲ ನನ್ನದು. ನದಿ, ಗಾಳಿ, ಕಳ್ಳರು, ಕುದುರೆ, ದಾರಿಯಲ್ಲಿ ಸಿಗುವ ಮುದುಕಿಯರು.

"ಅಂದ್ರೆ ದೇವ್ರು ನೀವೇ," ಎಂದ.

ಅಲ್ಲವೆಂದು ಯಾಕೆ ಹೇಳಲಿ.

ಆಟ ತಂದವಳು ಅಕ್ಕನ ಮಗಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಇದೇ ಊರಿನಲ್ಲಿ ಕೆಲಸ ಸಿಕ್ಕಿದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ದಿನವಿಡೀ ಜನರ ಮೂಳೆ ನೋಡಿ ನೋಡಿ ನನ್ನ ಒಳಗೂ ಹಾಗೇ ನೋಡುತ್ತಾಳೆ. ನಿಯಮಗಳೂ ಅವಳವೇ. ಪ್ರತಿ ಪಾತ್ರಕ್ಕೆ ಒಂದು ಆಸೆ, ಒಂದು ಭಯ, ಒಂದು ಮುಚ್ಚಿಟ್ಟ ವಿಷಯ ಇರಬೇಕು. ಮತ್ತೆ, ಕಥೆ ನಡೆಸುವವನು ಬೇರೆಯವರ ಪಾತ್ರದ ಬಾಯಿಗೆ ಮಾತು ಹಾಕಬಾರದು. ನದಿಯಲ್ಲಿ ಪ್ರವಾಹ ಬರಿಸಬಹುದು, ಅದನ್ನು ಕಂಡು ದೋಣಿಯವಳು ಹೆದರಿದಳು ಎನ್ನುವ ಹಾಗಿಲ್ಲ. ಹೆದರಬೇಕೋ ಬೇಡವೋ ಅವಳಿಗೆ ಬಿಟ್ಟದ್ದು.

ಇವಳು ಶುರುವಿನಲ್ಲೇ ಹೇಳಿದ್ದು: ಆಸೆ — ದೊಡ್ಡ ದೋಣಿ. ಭಯ — ದಡಕ್ಕೆ ಬಂದಾಗ ಯಾರೂ ಇಲ್ಲದಿರುವುದು. ಮುಚ್ಚಿಟ್ಟದ್ದು? "ಆಮೇಲೆ ಹೇಳ್ತೀನಿ." ಇವಳಿಗೆ ಇನ್ನೂ ಆಟ ಅರ್ಥವಾಗಿಲ್ಲ ಅಂದುಕೊಂಡೆ.

ಮೇ 26, ಭಾನುವಾರ

ನನ್ನ ಪ್ಲಾನ್ ಬೇರೆಯೇ ಇದೆ. ಮಹಡಿ ಮನೆಯ ಬಾಡಿಗೆಯವನು ಲಿಫ್ಟ್ ಮೆಕ್ಯಾನಿಕ್. ನಾವು ಕರೆಯುವುದು ಲಿಫ್ಟು ಎಂದೇ. ಒಳ್ಳೆಯ ವಯಸ್ಸು, ಒಳ್ಳೆಯ ಕೆಲಸ, ಹಲ್ಲೂ ಸಾಲಾಗಿವೆ. ಕಥೆಯಲ್ಲಿ ಅವನು ರಾಜವೈದ್ಯ. ಅಕ್ಕನ ಮಗಳು ನಕ್ಷೆ ಕದ್ದವಳು. ಇಬ್ಬರನ್ನೂ ಇವತ್ತು ಒಂದು ಗುಹೆಯಲ್ಲಿ ಹಾಕಿದೆ. ಹೊರಗೆ ಬಿರುಗಾಳಿ, ಒಳಗೆ ಒಂದೇ ಕಂಬಳಿ. ಇದಕ್ಕಿಂತ ಇನ್ನೇನು ಮಾಡಲಿ?

ರಾಜವೈದ್ಯ ಕಂಬಳಿಯನ್ನು ಕುದುರೆಗೆ ಹೊದಿಸಿದ. ಕುದುರೆಗೆ ಶೀತವಂತೆ.

ಅಕ್ಕನ ಮಗಳು ಆಮೇಲೆ ಅಡುಗೆಮನೆಗೆ ಕರೆದು ಕ್ಲಾಸು ತೆಗೆದುಕೊಂಡಳು. "ಮಾವ, ಪ್ರೀತಿ ಬರೋದಾದ್ರೆ ತಾನಾಗೇ ಬರುತ್ತೆ. ನೀವು ಹಿಂದಿನಿಂದ ತಳ್ಳಬೇಡಿ. ವಾರಕ್ಕೆ ಒಂದು ಹೆಜ್ಜೆ. ಕೆಲವು ವಾರ ಅದೂ ಬೇಡ." ನಾನು ಹೀಗೆ ವಾರಕ್ಕೊಂದು ಹೆಜ್ಜೆ ಇಟ್ಟಿದ್ದರೆ ನಿನ್ನ ಅತ್ತೆ ಇನ್ನೂ ತವರಿನಲ್ಲೇ ಇರುತ್ತಿದ್ದಳು ಎಂದೆ. "ಅದನ್ನ ಅತ್ತೇನೇ ಹೇಳ್ಬೇಕು," ಎಂದಳು. ತಲೆಹರಟೆ.

ಇನ್ನೊಂದು ವಿಷಯ. ಎಲ್ಲರೂ ಗುಹೆಗೆ ಹೊರಟರೆ ಇವಳು ಬರಲಿಲ್ಲ. ದೋಣಿಯವಳು ದಡದಲ್ಲೇ ಇರುತ್ತಾಳಂತೆ, ಹಗ್ಗದವರ ಹತ್ತಿರ ಮಾತಾಡಬೇಕಂತೆ. ಗಂಟಲು ಸರಿಯಾಗಿತ್ತು. ತುಂಬುದನಿಯಲ್ಲಿ, "ಬಾ ದೋಣಿಯವಳೇ, ಈ ದಡದಲ್ಲಿ ನನ್ನನ್ನು ಅರಿಯದವರಿಲ್ಲ" ಎಂದು ಎತ್ತಿಕೊಂಡೆ.

"ಇವರಲ್ಲ ಅವರು," ಎಂದಳು.

"ಅವನೇ ಕಣೇ."

"ಅಲ್ಲ. ಅವರು ಕಮ್ಮಿ ಮಾತಾಡ್ತಾರೆ. ಗಂಟಲು ಒಡೆದಿರುತ್ತೆ. ಹೋಗಿ ಅಂತಾರೆ, ಬನ್ನಿ ಅಂತಾರೆ. ಬಾರೇ ಹೋಗೇ ಅನ್ನಲ್ಲ."

ಅಕ್ಕನ ಮಗಳೂ ಲಿಫ್ಟೂ ಇವಳ ಪಾರ್ಟಿ ಸೇರಿದರು. ವಿಧಿಯಿಲ್ಲದೆ ಗಂಟಲನ್ನು ಮತ್ತೆ ಕೆಡಿಸಿಕೊಂಡೆ. ಹೆಂಡತಿಗೆ "ಕೂತ್ಕೊಳ್ಳಿ" ಎಂದೆ. ಜನ್ಮದಲ್ಲಿ ಮೊದಲ ಸಲ. ಆಮೇಲೆ ಹಗ್ಗದವನು ಏನೂ ಹೇಳಲಿಲ್ಲ. ಅವನಿಗೆ ಬರುವುದು ಅಷ್ಟೇ.

ಅವಳೇ ಹೇಳಿದಳು. ದಿನವೆಲ್ಲ ನಿಂತು ದೋಣಿ ನಡೆಸುವುದು, ಬಲಗಾಲ ಮಂಡಿ ಹಿಡಿದುಕೊಳ್ಳುವುದು, ಬೆಳಗ್ಗೆ ಮೊದಲ ಹೆಜ್ಜೆ ಇಡುವಾಗ ಗೋಡೆ ಬೇಕಾಗುವುದು. ಚೆನ್ನಾಗಿ ಕಟ್ಟಿದಳು. ನನ್ನ ಟ್ರೈನಿಂಗ್.

ಮೇ 29, ಬುಧವಾರ

ಬೆಳಗ್ಗೆ ನೋಡಿದೆ. ಹಾಸಿಗೆಯಿಂದ ಎದ್ದವಳು ಗೋಡೆ ಹಿಡಿದಳು.

ಮಂಡಿ ನೋವಾ ಎಂದು ಕೇಳಿದೆ.

"ಯಾರು ಹೇಳಿದ್ರು?"

"ನೀನೇ. ಭಾನುವಾರ."

"ನಿಮಗೆ ಹೇಳಲಿಲ್ಲ. ಹಗ್ಗದವರಿಗೆ ಹೇಳಿದ್ದು," ಎಂದು ಟಿಫನ್ ಬಾಕ್ಸ್ ತೆಗೆದುಕೊಂಡು ಕೆಲಸಕ್ಕೆ ಹೊರಟಳು. ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್. ಮೆಷಿನ್ ಸಾಲಿನ ಮಧ್ಯೆ ಇಡೀ ದಿನ ನಿಂತಿರಬೇಕು. ಕಾಲರ್ ಸೊಟ್ಟಗಿದ್ದರೆ ದೂರದಿಂದಲೇ ಹಿಡಿಯುತ್ತಾಳೆ.

ಇವಳ ಮಂಡಿಯ ವಿಷಯ ನನಗೆ ಗೊತ್ತಿಲ್ಲ, ನಾನೇ ಮಾಡಿದ ಒಬ್ಬ ಹೆಸರಿಲ್ಲದ ಮನುಷ್ಯನಿಗೆ ಗೊತ್ತು. ಇದು ಯಾವ ನ್ಯಾಯ.

ಜೂನ್ 2, ಭಾನುವಾರ

ಹಗ್ಗದವನು ಇವತ್ತು ದೋಣಿಗೆ ಒಂದು ಹಲಗೆ ಜೋಡಿಸಿದ. "ಕೂತು ನಡೆಸಿ" ಎಂದ. ಅಷ್ಟೇ. ಇವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. ಅವನು ಸುಮ್ಮನಿದ್ದ, ಅಂದರೆ ನಾನು ಸುಮ್ಮನಿದ್ದೆ. ಒಳಗೆ ಮಾತು ಕುಕ್ಕರ್ ಥರ ಕುದಿಯುತ್ತಿತ್ತು.

ರಾಜವೈದ್ಯ ಮತ್ತು ನಕ್ಷೆಯವಳು ಕುದುರೆಯ ಪಥ್ಯದ ಬಗ್ಗೆ ಜಗಳವಾಡಿದರು. ಅದೇ ಪ್ರೀತಿಯ ಶುರು ಎಂದು ಬರೆದಿಟ್ಟಿರುತ್ತೇನೆ.

ಜೂನ್ 5, ಬುಧವಾರ

ಹಳೆಯ ಟ್ರಾವೆಲ್ ಬ್ಯಾಗಿನ ರೆಕ್ಸಿನ್ ಉಳಿದಿತ್ತು. ಸ್ಪಂಜು ಹಾಕಿ ಎತ್ತರದ ಸ್ಟೂಲಿಗೆ ಗಾದಿ ಹೊಲಿದೆ. ಡಬಲ್ ಹೊಲಿಗೆ. ನಮ್ಮೂರಿಗೆ ಮಂತ್ರಿ ಬಂದಾಗ ಅವರ ಸೂಟ್‌ಕೇಸಿನ ಹಿಡಿ ಹಾಕಿದ್ದು ಇದೇ ಹೊಲಿಗೆಯಲ್ಲಿ. ಇವತ್ತಿಗೂ ಕಿತ್ತಿಲ್ಲ, ಕಿತ್ತಿದ್ದರೆ ಪೊಲೀಸರು ಬರುತ್ತಿದ್ದರು.

ಯಾರು ಮಾಡಿದ್ದು ಎಂದಳು. ಹಗ್ಗದವನು ಎಂದೆ. ನಗಲಿಲ್ಲ. ನಾಳೆ ಬೆಳಗ್ಗೆ ಆಟೋದಲ್ಲಿ ಇಟ್ಟುಕೊಂಡು ಹೋಗುತ್ತೇನೆ ಎಂದಳು. ಕೆಲಸದ ಜಾಗಕ್ಕೆ.

ಜೂನ್ 9, ಭಾನುವಾರ

ಹಗ್ಗ ಕೊಡುವಾಗ ಕೈಗೆ ಕೈ ತಾಗಿತು.

ಹೇಳಿದವಳು ಅವಳು. ನಾನಲ್ಲ. "ಹಗ್ಗ ಎಸೆಯಲ್ಲ ಇವತ್ತು. ಕೈಗೇ ಕೊಡ್ತೀನಿ. ಕೈ ತಾಗುತ್ತೆ," ಎಂದು ಟೇಬಲ್ ಮೇಲಿನ ನೀರಿನ ಲೋಟ ನೋಡುತ್ತ ಹೇಳಿದಳು. ಕಿವಿ ಬಿಸಿಯಾಯಿತು. ನನ್ನದು. ತಲೆಯಲ್ಲಿ ಅರ್ಧ ಕೂದಲಿಲ್ಲದ ಮನುಷ್ಯ ನಾನು, ಸ್ವಂತ ಹೆಂಡತಿಯ ಕೈ ತಾಗಿತೆಂದು ಕಿವಿ ಬಿಸಿ ಮಾಡಿಕೊಂಡು ಕೂತಿದ್ದೆ — ಅದೂ ನಿಜವಾಗಿ ತಾಗಿರಲೂ ಇಲ್ಲ.

ಏನೋ ಹೇಳಲು ಬಾಯಿ ತೆರೆದೆ. ಅಕ್ಕನ ಮಗಳು ಟೇಬಲ್ ಕೆಳಗೆ ಕಾಲು ತುಳಿದಳು. "ಉಸಿರು ಹಿಡ್ಕೊಳ್ಳಿ. ಅಲ್ಲಾಡಬೇಡಿ," ಎಂದಳು, ಪೇಷೆಂಟಿಗೆ ಹೇಳುವ ಹಾಗೆ. ಹಿಡಿದುಕೊಂಡೆ. ಹಗ್ಗದವನು ಹಗ್ಗ ಕಟ್ಟಿದ.

ಸಂಜೆ ಪಾತ್ರೆ ತೊಳೆಯುವಾಗ ಇವಳನ್ನು ಕೇಳಿದೆ, ಆ ಹಗ್ಗದವನು ನೋಡಲು ಹೇಗಿದ್ದಾನೆ? ಎತ್ತರವಂತೆ. ತಲೆತುಂಬ ಕೂದಲಂತೆ. ಹೊಟ್ಟೆ ಇಲ್ಲವಂತೆ.

"ಅದನ್ನು ನಿರ್ಧರಿಸೋದು ನಾನು. ಅವನು ನನ್ನ ಪಾತ್ರ."

"ಆಯ್ತು. ಹೊಟ್ಟೆ ಸ್ವಲ್ಪ ಇರಲಿ ಬಿಡಿ."

ಅವನನ್ನು ಮುಂದಿನ ವಾರ ನದಿಗೆ ಬೀಳಿಸಿದರೆ ಹೇಗೆ? ಈಜು ಬರುವುದಿಲ್ಲ ಎಂದು ಮಾಡಬಹುದು.

ಜೂನ್ 16, ಭಾನುವಾರ

ಬೀಳಿಸಲಿಲ್ಲ. ಕಥೆ ಎಲ್ಲಿಗೋ ಹಾರಿತು.

ದೋಣಿಯವಳು ಇವತ್ತು ದಡಕ್ಕೆ ಬಂದವಳೇ, "ಹಗ್ಗದವರೇ, ನಾನು ಮುಚ್ಚಿಟ್ಟದ್ದು ಒಂದಿದೆ" ಎಂದಳು. ಎಲ್ಲರೂ ನೆಟ್ಟಗಾದೆವು. ಆಚೆ ದೂರದ ಬಂದರಿಗೆ ಅವಳನ್ನು ಕರೆದಿದ್ದಾರಂತೆ. ಅಲ್ಲಿ ದೊಡ್ಡ ದೋಣಿ. ದೋಣಿಯನ್ನೇ ನೋಡಿರದ ಹುಡುಗಿಯರಿಗೆ ನಡೆಸಲು ಕಲಿಸಬೇಕು. ಒಂದು ವರ್ಷ ಅಲ್ಲೇ ಇರಬೇಕು. ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

"ಹೋಗ್ಬೇಕು ಅನ್ಸುತ್ತೆ. ಭಯಾನೂ ಆಗುತ್ತೆ. ನೀವೇನಂತೀರಿ?"

ಎಂಥ ತಿರುವು. ನಾನು ಹೇಳಿಕೊಟ್ಟರೂ ಹೀಗೆ ಬರುತ್ತಿರಲಿಲ್ಲ. ಹೇಳಿಕೊಟ್ಟವನು ನಾನೇ, ಅದು ಬೇರೆ ಮಾತು. ಖುಷಿಯಲ್ಲಿ ಟೇಬಲ್ ತಟ್ಟಿ, ಇದಕ್ಕೆ ಉತ್ತರ ಮುಂದಿನ ಭಾನುವಾರ ಎಂದು ಆಟ ನಿಲ್ಲಿಸಿದೆ. ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ವಿದ್ಯೆ.

ಇವಳು ಏನೋ ಹೇಳಲು ಹೊರಟು, ಎದ್ದು ಟೀ ಲೋಟ ಒಟ್ಟುಮಾಡಿದಳು.

ಜೂನ್ 19, ಬುಧವಾರ

ಕೀ ಮಾಡುವವನಿಗೆ, ಚಪ್ಪಲಿ ಅಂಗಡಿಯವನಿಗೆ, ಕೊಡೆ ತಂದ ಇಬ್ಬರಿಗೆ ಕಥೆ ಹೇಳಿದೆ. ದೋಣಿಯವಳು ಹೋಗಬೇಕೋ ಇರಬೇಕೋ? ಕೀ ಮಾಡುವವನು ಇರಲಿ ಎಂದ. ಚಪ್ಪಲಿಯವನೂ ಅದನ್ನೇ ಹೇಳಿದ. ಕೊಡೆ ತಂದ ಹೆಂಗಸು ಮಾತ್ರ "ಅವಳನ್ನ ಕೇಳಿದ್ರಾ?" ಎಂದಳು. ಕೊಡೆ ರಿಪೇರಿಗೆ ಬಂದವರು ಕೊಡೆಯ ಮಾತಾಡಬೇಕು.

ಕ್ಲೈಮ್ಯಾಕ್ಸ್ ತಲೆಯಲ್ಲಿ ತಯಾರಿದೆ. ಟೇಬಲ್ ಸುತ್ತ ಎಲ್ಲರ ಕಣ್ಣೂ ಒದ್ದೆಯಾಗಬೇಕು.

ಜೂನ್ 23, ಭಾನುವಾರ

ಏನಾಯಿತೋ ಗೊತ್ತಾಗುತ್ತಿಲ್ಲ.

ಶುರು ಬಹಳ ಚೆನ್ನಾಗಿತ್ತು. ಕೆಂಪು ಸಂಜೆ, ನದಿಯ ಮೇಲೆ ಮಂಜು, ದೊಡ್ಡ ದೋಣಿಯ ಗಂಟೆ ದೂರದಲ್ಲಿ. ಹಗ್ಗದವನು ಮೊದಲ ಸಲ ಬಾಯಿಬಿಟ್ಟ. ಬಿಟ್ಟ ಮೇಲೆ ಮುಚ್ಚಲಿಲ್ಲ. ನೀನಿಲ್ಲದೆ ಈ ದಡ ಬರಿದು, ಈ ಹಗ್ಗ ಹಾವಾಗಿ ನನ್ನನ್ನೇ ಸುತ್ತೀತು, ಇತ್ಯಾದಿ. ಆ ಭರದಲ್ಲೇ ಮುಂದುವರಿಸಿದೆ — ದೋಣಿಯವಳ ಕಣ್ಣಲ್ಲಿ ನೀರು ತುಂಬಿತು, ಅವಳು ದೊಡ್ಡ ದೋಣಿಗೆ ಬೆನ್ನು ಹಾಕಿದಳು, "ನಾನು ಹೋಗಲ್ಲ. ನನ್ನ ಜಾಗ ಇಲ್ಲೇ" ಎಂದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇವಳು ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು. ಕೋಪವಿದ್ದರೆ ನನಗೆ ಗೊತ್ತಾಗುತ್ತಿತ್ತು. ಕೋಪವಲ್ಲ.

"ನಾನು ಇನ್ನೂ ಹೇಳಿರಲಿಲ್ಲ," ಎಂದಳು. "ನನ್ನ ಮಾತನ್ನ ನೀವೇ ಆಡಿಬಿಟ್ರಿ."

ಒಳಗೆ ಹೋದಳು. ಲಿಫ್ಟು ತನ್ನ ಬೆರಳು ನೋಡಿಕೊಂಡ. ಅಕ್ಕನ ಮಗಳು, ನಿಯಮ ಮುರಿದಿರಿ ಮಾವ, ಎಂದು ಎದ್ದಳು.

ಒಂದು ಆಟ. ಅದಕ್ಕೆ ಇಷ್ಟಾ?

ಜೂನ್ 25, ಮಂಗಳವಾರ. ಮಧ್ಯಾಹ್ನ ಮೂರು

ಅಂಗಡಿಯ ಫೋನಿಗೆ ಇವಳ ಮ್ಯಾನೇಜರ್. ಮೇಡಂ ಫೋನ್ ಎತ್ತುತ್ತಿಲ್ಲ, ಇವತ್ತು ರಜೆ ಹಾಕಿದ್ದಾರೆ, ಸ್ವಲ್ಪ ಕೇಳಿ ಹೇಳುತ್ತೀರಾ ಎಂದ. ಏನು ಕೇಳಲಿ ಎಂದೆ.

ಹೊಸ ಯೂನಿಟ್ ವಿಷಯ ಎಂದ. ಆಚೆ ಊರಿನದು, ರೈಲಿನಲ್ಲಿ ಒಂದು ರಾತ್ರಿ. ಫ್ಲೋರ್ ಇನ್‌ಚಾರ್ಜ್ ಆಗಿ ಹೋಗಿ ಹೊಸ ಹುಡುಗಿಯರಿಗೆ ಕಲಿಸಬೇಕು, ಒಂದು ವರ್ಷ. ಕಂಪನಿಯಲ್ಲಿ ಇವರೊಬ್ಬರ ಹೆಸರೇ ಬಂದಿರುವುದು. ಮೂವತ್ತನೇ ತಾರೀಕು ಸಂಜೆ ಆರರೊಳಗೆ ಹೂಂ ಎನ್ನದಿದ್ದರೆ ಬೇರೆಯವರಿಗೆ ಹೋಗುತ್ತದೆ.

ಬಾಯಲ್ಲಿ ಕೊಡೆಯ ಕಡ್ಡಿ ಕಚ್ಚಿಕೊಂಡಿದ್ದೆ. ತೆಗೆಯುವುದು ಮರೆತೇ ಹೋಯಿತು. ಹೂಂ, ಹೂಂ ಎಂದು ಫೋನ್ ಇಟ್ಟೆ.

ದೊಡ್ಡ ದೋಣಿ. ದೋಣಿಯನ್ನೇ ನೋಡಿರದ ಹುಡುಗಿಯರು.

ಕೀ ಮಾಡುವವನು, ಯಾಕೆ ಹಾಗೆ ಕೂತಿರಿ ಎಂದ. ಏನೂ ಹೇಳಲಿಲ್ಲ. ಅವನು ಹೆದರಿ ನೀರು ತಂದುಕೊಟ್ಟ.

ಜೂನ್ 26, ಬುಧವಾರ

ಅಕ್ಕನ ಮಗಳಿಗೆ ಮೊದಲೇ ಗೊತ್ತು. ಆಸ್ಪತ್ರೆಗೇ ಹೋಗಿ ಹಿಡಿದೆ, ಎಕ್ಸ್‌ರೇ ರೂಮಿನ ಹೊರಗಿನ ಬೆಂಚಿನ ಮೇಲೆ. ನನಗೆ ಯಾಕೆ ಹೇಳಲಿಲ್ಲ ಎಂದು ಜೋರು ಮಾಡಿದೆ. ಪಕ್ಕದಲ್ಲಿ ಕೈ ಮುರಿದವನೊಬ್ಬ ಸರಿದು ಕೂತ.

ಅತ್ತೆ ಹೇಳಲು ನೋಡಿದ್ದಾರೆ, ಎಂದಳು. ಒಂದು ಸಲ ಬಾಯಿ ತೆರೆದಾಗ ನಾನು ಮಂತ್ರಿಯ ಸೂಟ್‌ಕೇಸಿನ ಕಥೆ ಹೇಳಿದೆನಂತೆ. ಇನ್ನೊಂದು ಸಲ "ಕೆಲಸದಲ್ಲಿ ಒಂದು ವಿಷಯ" ಎನ್ನುವಷ್ಟರಲ್ಲಿ, "ಬಿಟ್ಟುಬಿಡು, ಯಾವನಿಗೆ ಬೇಕು ಅವರ ಕಿರಿಕಿರಿ" ಎಂದೆನಂತೆ. ನೆನಪಿಲ್ಲ. ಆದರೆ ಆ ಮಾತು ನನ್ನದೇ, ಗುರುತು ಸಿಕ್ಕಿತು.

"ಹೋದ ವರ್ಷ ಡಾಕ್ಟರ ಹತ್ರ ನಾನೂ ಬಂದಿದ್ದೆ ಮಾವ. ಎಲ್ಲಿ ನೋವು ಅಂತ ಅವರು ಅತ್ತೇನ ಕೇಳಿದ್ರು. ಉತ್ತರ ಕೊಟ್ಟಿದ್ದು ನೀವು. ಬೆನ್ನು ಅಂದ್ರಿ."

"ಮತ್ತೆ?"

"ಮಂಡಿ ಮಾವ."

ಒಳಗಿಂದ ಕರೆದರು. ಹೋಗುವಾಗ ತಿರುಗಿ, ಹಗ್ಗದವನು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದ, ಅದಕ್ಕೇ ಅವನಿಗೆ ಹೇಳಿದರು, ಅವನನ್ನೂ ನೀವು ಹಾಳುಮಾಡಿದಿರಿ, ಎಂದಳು.

ಬಾಗಿಲಲ್ಲೇ ತಡೆದು ಆ ಲಿಫ್ಟಿನ ಬಗ್ಗೆಯೂ ಕೇಳಿಬಿಟ್ಟೆ. ತಮ್ಮನ ಥರವಂತೆ. ಒಂದೇ ದಿನ ಎರಡು ಪೆಟ್ಟು.

ಜೂನ್ 27, ಗುರುವಾರ

ಇವಳ ಹತ್ತಿರ ನೇರವಾಗಿ ಮಾತಾಡೋಣ ಎಂದು ಹೋದೆ. ಬಟ್ಟೆ ಮಡಿಸುತ್ತಿದ್ದಳು. ಮ್ಯಾನೇಜರ್ ಫೋನ್ ಮಾಡಿದ್ದ ಎಂದೆ. ಕೈ ನಿಂತಿತು. ಅಲ್ಲಿಗೆ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಅಲ್ಲಿ ಊಟ ಹೇಗೋ, ನೀರು ಹೇಗೋ, ಮಂಡಿ ಬೇರೆ, ಇಲ್ಲಿ ನನಗೆ ಯಾರಿದ್ದಾರೆ, ಆದರೂ ನಾನೇನು ಬೇಡವೆನ್ನುವ ಗಂಡಸಲ್ಲ, ನಮ್ಮ ವಂಶದಲ್ಲೇ ಯಾರೂ... ಎಲ್ಲಿಗೋ ಹೋಗಿ ತಲುಪಿದೆ. ನನ್ನ ಮಾತು ನಿಂತಾಗ ಬಟ್ಟೆ ಮಡಿಸಿ ಮುಗಿದಿತ್ತು. "ಊಟಕ್ಕೆ ಬನ್ನಿ," ಎಂದಳು.

ಈ ಬಾಯಿಂದ ಆಗುವ ಕೆಲಸವಲ್ಲ. ಬೇರೆ ಬಾಯಿ ಬೇಕು.

ಜೂನ್ 29, ಶನಿವಾರ

ಆಟದಲ್ಲಿ ಒಂದು ದಾರಿ ಇದೆಯಂತೆ. ತಪ್ಪಾದ ದೃಶ್ಯವನ್ನು ಎಲ್ಲರೂ ಒಪ್ಪಿದರೆ ಆಗಲೇ ಇಲ್ಲ ಎಂದು ಮಾಡಬಹುದು. ಅಕ್ಕನ ಮಗಳು ಮೊದಲೇ ಹೇಳಿದ್ದಳು. ಹೇಳಿದ ಕಥೆಯನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ ನಾನು, ಎಂದು ಅವತ್ತು ಎದೆ ತಟ್ಟಿಕೊಂಡಿದ್ದೆ.

ಅಂಗಡಿಯಲ್ಲಿ ಇಡೀ ದಿನ ಅಭ್ಯಾಸ. ಗಿರಾಕಿ ಮಾತಾಡುವಾಗ ಬಾಯಲ್ಲಿ ಕಡ್ಡಿ. ಒಬ್ಬಳು ತನ್ನ ಬ್ಯಾಗಿನ ಕಥೆ ಶುರುಮಾಡಿ, ಮಗಳ ಕಾಲೇಜು, ಅತ್ತೆಯ ಕಣ್ಣು, ಎಲ್ಲ ಹೇಳಿ ಮುಗಿಸಿ, "ನಿಮ್ಮ ಹತ್ರ ಮಾತಾಡಿದ್ರೆ ಹಗುರ ಆಗುತ್ತೆ," ಎಂದು ಹೋದಳು. ನಾನು ಒಂದು ಮಾತೂ ಆಡಿರಲಿಲ್ಲ.

ಸಂಜೆ ಇವಳನ್ನು ಕೇಳಿದೆ, ನಾಳೆ ಆಟಕ್ಕೆ ಬರುತ್ತೀಯಾ. ಕುಕ್ಕರಿಗೆ ಮುಚ್ಚಳ ಹಾಕಿದಳು. ಹಗ್ಗದವನು ಕೇಳಿ ಕಳಿಸಿದ್ದಾನೆ ಎಂದೆ.

"ಯಾವ ಹಗ್ಗದವರು? ಹೋದ ವಾರದವರಾ, ಅದಕ್ಕೆ ಮುಂಚಿನವರಾ?"

"ಮುಂಚಿನವನು."

"ನೋಡೋಣ."

ಜೂನ್ 30, ಭಾನುವಾರ. ರಾತ್ರಿ ಊಟ ಆದಮೇಲೆ

ಬಂದಳು.

ನಾಲ್ಕಕ್ಕಲ್ಲ, ಐದು ದಾಟಿದ ಮೇಲೆ. ಆಟಕ್ಕೆ ಮೊದಲೇ ಹೇಳಿದೆ — ಹೋದ ವಾರದ ದೃಶ್ಯ ರದ್ದು. ಹಗ್ಗದವನ ಭಾಷಣ ರದ್ದು. ದೋಣಿಯವಳು ಹೋಗಲ್ಲ ಅಂದದ್ದು ರದ್ದು. ಅದು ಅವಳು ಅಂದದ್ದಲ್ಲ, ನಾನು ಅಂದದ್ದು. ಲಿಫ್ಟು ಒಪ್ಪಿದೆ ಎಂದ. ಅಕ್ಕನ ಮಗಳು ಒಪ್ಪಿದಳು. ಇವಳು ಗೋಡೆ ಗಡಿಯಾರ ನೋಡಿದಳು. ಐದು ಇಪ್ಪತ್ತು. ಒಪ್ಪಿದೆ ಎಂದಳು.

ಕೆಂಪು ಸಂಜೆ ಇಡಲಿಲ್ಲ. ಮಂಜು ಇಡಲಿಲ್ಲ. ಬರೀ ದಡ. ದೋಣಿ ಬಂತು. ಅವಳು ಹಗ್ಗ ಎಸೆದಳು, ಅವನು ಹಿಡಿದ, ಕಟ್ಟಿದ. ಗಂಟಲು ಒಡೆದುಕೊಂಡು ಕೇಳಿದೆ — "ಅಲ್ಲಿ ದೋಣಿ ಹೇಗಿದೆ?"

ಆಮೇಲೆ ತುಟಿ ಕಚ್ಚಿ ಕೂತೆ.

ಹೇಳಿದಳು. ಅಯ್ಯೋ, ಎಷ್ಟು ಹೇಳಿದಳು. ಶುರುವಿನಲ್ಲಿ ದೋಣಿ ಎನ್ನುತ್ತಿದ್ದಳು, ನಡುವೆ ಎಲ್ಲೋ ಮೆಷಿನ್ ಎಂದಳು, ಆಮೇಲೆ ದೋಣಿ ಬಿಟ್ಟೇಹೋಯಿತು. ಹೊಸ ಹುಡುಗಿಯರು ಮೊದಲ ದಿನ ಸೂಜಿಗೆ ಹೆದರಿ ಬೆರಳು ಮಡಚಿಕೊಳ್ಳುವುದು. ತಾನೂ ಹಾಗೆ ಮಡಚಿಕೊಂಡಿದ್ದಾಗ ಒಬ್ಬಾಕೆ ಬೆರಳು ಬಿಡಿಸಿ ಕಲಿಸಿದ್ದು. ತಾನು ಯಾರ ಬೆರಳನ್ನಾದರೂ ಹಾಗೆ ಬಿಡಿಸಬೇಕು ಎಂದು ಎಷ್ಟು ವರ್ಷದಿಂದ ಅಂದುಕೊಂಡದ್ದು. ಕಂಪನಿಯಲ್ಲಿ ಇವಳೊಬ್ಬಳ ಹೆಸರೇ ಬಂದ ದಿನ ಬಾತ್‌ರೂಮಿನಲ್ಲಿ ನಿಂತು ಒಬ್ಬಳೇ ನಕ್ಕದ್ದು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ಮನುಷ್ಯ ನಾನು.

ನಿಲ್ಲಿಸಿ ನನ್ನ ಕಡೆ ನೋಡಿದಳು.

"ನಾನು ಹೋದ್ರೆ ನಿಮಗೆ ಏನನ್ಸುತ್ತೆ? ನಿಜ ಹೇಳಿ."

ಹಗ್ಗದವನನ್ನು ಕೇಳಿದ್ದು. ಬಾಯಲ್ಲಿ ನೂರು ಮಾತು ಬಂದು ನಿಂತಿದ್ದವು. ಎಲ್ಲವೂ ಚೆನ್ನಾಗಿದ್ದವು. ಅಕ್ಕನ ಮಗಳು ಕಣ್ಣಲ್ಲೇ ಉಸಿರು ಹಿಡಿಸಿದಳು. ಗಂಟಲು ಕೆಡಿಸಿಕೊಳ್ಳುವ ಶ್ರಮ ಬೇಕಾಗಲಿಲ್ಲ, ಅದೇ ಒಡೆದಿತ್ತು.

"ಬೇಜಾರಾಗುತ್ತೆ," ಎಂದೆ.

ಅವಳು ಕಾದಳು.

"ಹೋಗಿ ಬನ್ನಿ. ಹಗ್ಗ ಹಿಡಿಯೋಕೆ ಇಲ್ಲೇ ಇರ್ತೀನಿ."

ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ಕಷ್ಟ, ಬಹಳ ಕಷ್ಟ. ಟೇಬಲ್ ಮೇಲಿನ ಬಿರುಕು ನೋಡುತ್ತ ಕೂತೆ. ಅವಳು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಎದ್ದಳು. ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದಳು. ಗಾಜಿನಾಚೆ ಬೆನ್ನು ಮಾತ್ರ ಕಾಣುತ್ತಿತ್ತು. ಲಿಫ್ಟು ಕುದುರೆ ಹೇಗಿದೆ ಎಂದು ಪಿಸುಗುಟ್ಟಿದ. ಅಕ್ಕನ ಮಗಳು ಅವನ ಕಾಲನ್ನೂ ತುಳಿದಳು.

ಒಳಗೆ ಬಂದವಳು ಕುರ್ಚಿಯ ಹಿಂದೆ ನಿಂತು, ನನ್ನ ತಲೆಯ ಮೇಲೆ, ಕೂದಲಿಲ್ಲದ ಜಾಗದಲ್ಲಿ, ಕೈಯಿಟ್ಟಳು.

"ಹೂಂ ಅಂದೆ," ಎಂದಳು.

ಈ ಸಲ ನಿಜವಾಗಿಯೇ ತಾಗಿತು.

ಜುಲೈ 13, ಶನಿವಾರ

ರೈಲು ನಾಳೆ. ಸೂಟ್‌ಕೇಸಿಗೆ ಹೊಸ ಚಕ್ರ, ಹೊಸ ಹಿಡಿ. ಮಂತ್ರಿಗೆ ಹಾಕಿದ್ದು ಡಬಲ್ ಹೊಲಿಗೆ, ಇದಕ್ಕೆ ಅದಕ್ಕಿಂತ ಒಂದು ಹೆಚ್ಚು. ಸ್ಟೂಲನ್ನು ಮಡಚುವ ಹಾಗೆ ಮಾಡಿಕೊಟ್ಟೆ. ಮಂಡಿಗೆ ಪಟ್ಟಿ. ಡಾಕ್ಟರ ಹತ್ತಿರ ಈ ಸಲ ಹೊರಗೆ ಕೂತಿದ್ದೆ.

ಅನ್ನ ಮಾಡುವುದು ಕಲಿತೆ. ಮೊದಲ ಸಲ ಅಂಟಾಯಿತು. ಅಂಟು ಅನ್ನವೇ ಆರೋಗ್ಯಕ್ಕೆ ಒಳ್ಳೆಯದೆಂದು ಅಕ್ಕನ ಮಗಳಿಗೆ ತಿಳಿಸಿದೆ.

ಜುಲೈ 21, ಭಾನುವಾರ

ಆಟ ಫೋನಿನಲ್ಲಿ. ನೀರಿನ ಲೋಟಕ್ಕೆ ಒರಗಿಸಿಟ್ಟು ಸ್ಪೀಕರ್ ಹಾಕಿದೆವು. ದೋಣಿಯವಳು ಬಂದರಿನಲ್ಲಿದ್ದಾಳೆ. ಹುಡುಗಿಯರಲ್ಲಿ ಒಬ್ಬಳು ಬೆರಳು ಬಿಡಿಸಿದಳಂತೆ. ಹಗ್ಗದವನು ದಡದಲ್ಲಿ ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದಾನೆ ಎಂದೆ. ಯಾಕೆ ಎಂದು ಕೇಳಿದಳು. ಒಣಗಬಾರದಲ್ಲ, ಎಂದೆ.

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಲಿಫ್ಟು ಫೋನ್ ಅಲ್ಲಾಡಿಸಿದ. ಕಟ್ಟಾಗಿರಲಿಲ್ಲ.

ಆಗಸ್ಟ್ 11, ಭಾನುವಾರ. ನಾಲ್ಕಕ್ಕೆ ಸ್ವಲ್ಪ ಮೊದಲು

ನಿನ್ನೆ ಮೆಸೇಜು ಬಂದಿದೆ. ಇವತ್ತು ಹಗ್ಗದವರ ಹೆಸರು ಕೇಳುತ್ತಾಳಂತೆ. ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದಳಂತೆ.

ಒಂದು ಪುಟ ತುಂಬ ಹೆಸರು ಯೋಚಿಸಿದೆ. ವೀರರ ಹೆಸರು, ರಾಜರ ಹೆಸರು. ಎಲ್ಲ ಹೊಡೆದುಹಾಕಿದೆ. ಅಕ್ಕನ ಮಗಳನ್ನು ಕೇಳಿದರೆ, ಗೊತ್ತಿಲ್ಲದವರ ಹಾಗೆ ಕೇಳುತ್ತೀರಲ್ಲ ಮಾವ, ಎಂದು ನಕ್ಕು ಹೋದಳು.

ನನ್ನ ಹೆಸರನ್ನೇ ಹೇಳಿದರೆ? ಆ ಹೆಸರು ಹಿಡಿದು ಇವಳು ನನ್ನನ್ನು ಯಾವತ್ತೂ ಕರೆದಿಲ್ಲ. ಇವಳ ಬಾಯಲ್ಲಿ ಅದು ಹೇಗೆ ಕೇಳುತ್ತದೋ...

ಫೋನ್ ಹೊಡೆದುಕೊಳ್ಳುತ್ತಿದೆ. ಗಂಟಲು ಸರಿಮಾಡಿಕೊಂಡು — ಇಲ್ಲ, ಸರಿಮಾಡಿಕೊಳ್ಳಬಾರದು, ಅವನದು ಒಡೆದ ಗಂಟಲು. ಮೊದಲು ಅವಳು ಕೇಳಲಿ. ಕೇಳಿ ಮುಗಿಸಲಿ. ಆಮೇಲೆ ನಾನು